ಹುಣಸೆಯ ಹೊಟ್ಟೆಗೆ ಸಿಮೆಂಟು

ಅವರ ಹತ್ತು ಬೆರಳುಗಳಲ್ಲಿ ಒಂದಕ್ಕೂ ಗೆರೆ ಇರಲಿಲ್ಲ. ಆಯುಷ್ಯವೆಲ್ಲ ಗಾರೆ ಕೆಲಸ ಮಾಡಿದವರು. ಸಿಮೆಂಟು ಬೆರಳ ತುದಿಗಳನ್ನು ತಿಂದು ನುಣ್ಣಗೆ ಮಾಡಿತ್ತು. ಪಡಿತರ ಅಂಗಡಿಯ ಬೆರಳಚ್ಚಿನ ಯಂತ್ರ ಪ್ರತಿ ತಿಂಗಳೂ ಅವರನ್ನು ಗುರುತಿಸಲು ಒಪ್ಪುತ್ತಿರಲಿಲ್ಲ. "ಇನ್ನೊಂದು ಬೆರಳಿಡು ತಾತ" ಎಂದು ಅಂಗಡಿಯವನು ಅಂದರೆ, "ಕೈಯಿಂದೆಲ್ಲಾ ಮುಗೀತು. ಕಾಲಿಂದ್ ಇಡ್ಲಾ?" ಎಂದು ಚಪ್ಪಲಿ ಬಿಡುತ್ತಿದ್ದರು. ಸಾಲಿನಲ್ಲಿದ್ದವರು ನಗುತ್ತಿದ್ದರು. ಅವರು ನಗುತ್ತಿರಲಿಲ್ಲ.

ಬೀದಿಗೆಲ್ಲ ಅವರು ಮೇಸ್ತ್ರಿ ತಾತ. ನಮ್ಮ ಎದುರು ಮನೆ. ಬಸವೇಶ್ವರನಗರದಿಂದ ಮಾಗಡಿ ರಸ್ತೆಗೆ ಇಳಿಯುವ ನಮ್ಮ ರಸ್ತೆಯ ಎರಡೂ ಬದಿಗೆ, ಬಡಾವಣೆ ಹುಟ್ಟುವ ಮೊದಲೇ ಇದ್ದ ಹತ್ತೊಂಬತ್ತು ಹುಣಸೆ ಮರಗಳು. ಅರಸರ ಕಾಲದ ಸಾಲುಮರ ಎಂದು ಎಲ್ಲರೂ ಹೇಳುತ್ತಿದ್ದರು. ದಾಖಲೆ ಎಲ್ಲಿದೆ ಎಂದು ಕೇಳುತ್ತಿದ್ದವಳು ನಾನೊಬ್ಬಳೇ; ಕಾಲೇಜಿನ ಚರ್ಚಾಕೂಟ ನನಗೆ ಕಲಿಸಿದ್ದೇ ಅದು.

ಆ ರಸ್ತೆಯ ಫುಟ್‌ಪಾತಿಗೆ ಕಾಂಕ್ರೀಟು ಸುರಿದವರಲ್ಲಿ ಅವರೂ ಒಬ್ಬರು. ಮರಗಳ ಕತ್ತಿಗೆ ಉರುಳು ಹಾಕಿದಂತೆ ಬುಡದವರೆಗೂ ಸುರಿದಿದ್ದರು. ಕೆಲಸ ಬಿಟ್ಟ ಮೇಲೆ ದಿನಾ ಬೆಳಿಗ್ಗೆ ಉಳಿ, ಸುತ್ತಿಗೆ ಹಿಡಿದು ಕೂತು, ತಾವು ಸುರಿದದ್ದನ್ನು ತಾವೇ ಒಡೆಯುತ್ತಿದ್ದರು. ಬುಡದ ಸುತ್ತ ಒಂದು ಮೊಳ ಮಣ್ಣು ಕಾಣಬೇಕು. ಆಮೇಲೆ ಪಾತಿ ಮಾಡಿ, ನೀರು ಹಾಕಿ, ಕಾಂಡಕ್ಕೆ ಹೊಡೆದ ಟ್ಯೂಷನ್ ಬೋರ್ಡಿನ ಮೊಳೆ ಕಿತ್ತು, ಮುಂದಿನ ಮರಕ್ಕೆ ಹೋಗುತ್ತಿದ್ದರು. "ಹಾಕಿದ್ದು ಅರ್ಧ ದಿನ, ಕೀಳೋದು ಹತ್ತು ದಿನ. ಅಷ್ಟು ಚೆನ್ನಾಗ್ ಹಾಕಿದೀನಿ ನೋಡು" ಎನ್ನುವಾಗ ಪಶ್ಚಾತ್ತಾಪಕ್ಕಿಂತ ಜಂಬವೇ ಹೆಚ್ಚಿರುತ್ತಿತ್ತು.

ಅಲ್ಲಿಯವರೆಗೆ ನನಗೆ ತಕರಾರಿಲ್ಲ. ತಕರಾರು ಪೊಟರೆಗಳದ್ದು. ನಾಲ್ಕು ಮರಗಳ ಕಾಂಡದಲ್ಲಿ ಪೊಟರೆ ಬಿದ್ದಿತ್ತು. ತೂತು ಕಂಡರೆ ಮೇಸ್ತ್ರಿಯ ಕೈ ಸುಮ್ಮನಿರುತ್ತದೆಯೇ? ಒಳಗಿನ ಕಸ ಕೆರೆದು, ಜಲ್ಲಿ ಸಿಮೆಂಟು ತುಂಬಿ, ಕರಣೆಯಲ್ಲಿ ನುಣುಪು ಮಾಡಿ, ಹದ ನೋಡಲು ನಡುವೆ ಹೆಬ್ಬೆರಳು ಒತ್ತಿದರು. ಗೆರೆಯಿಲ್ಲದ ಒಂದು ಗುಳಿ ಉಳಿಯಿತು. ಆಮೇಲೆ ಒದ್ದೆ ಗೋಣಿಚೀಲ ಕಟ್ಟಿ ಏಳು ದಿನ ನೀರು. ಗಟ್ಟಿಯಾಗಲೆಂದು ಗೋಡೆಗೆ ಮಾಡುವ ಕ್ಯೂರಿಂಗ್ ಮರಕ್ಕೂ.

"ತಾತ, ಸಿಮೆಂಟು ತುಂಬಿದ್ರೆ ಒಳಗೆ ನೀರು ನಿಂತು ಮರ ಕೊಳೆಯುತ್ತೆ. ಓದಿ ಹೇಳ್ತಿದೀನಿ."

"ಹುಳುಕು ಹಲ್ಲಿಗೆ ತುಂಬಲ್ವಾ?"

"ಹಲ್ಲು ಬೆಳೆಯಲ್ಲ, ಮರ ಬೆಳೆಯುತ್ತೆ. ನಿಮ್ಮ ಹೋಲಿಕೆಯೇ ತಪ್ಪು."

"ಮಾತು ಜೋರಾಗೈತೆ ಕಣವ್ವಾ. ಕ್ಯೂರಿಂಗ್ ಆಗಿಲ್ಲ, ಅಷ್ಟೇ. ಏಳು ದಿನ ನೀರು ಕುಡಿಸಿ ಆಮೇಲ್ ಆಡು."

ಬೀದಿಯ ಹೆಂಗಸರು ನಕ್ಕರು. ಆ ನಗು ನನ್ನಲ್ಲಿ ಉಳಿದುಕೊಂಡಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ರಸ್ತೆ ಅಗಲ ಮಾಡಲು ಹತ್ತೊಂಬತ್ತನ್ನೂ ಕಡಿಯುವ ನೋಟಿಸು ಬಂತು. ಮೇಸ್ತ್ರಿ ತಾತ ಮೊದಲ ಸಲ ನಮ್ಮ ಬಾಗಿಲಿಗೆ ಬಂದರು. "ಆಫೀಸಲ್ಲಿ ಅಹವಾಲು ಕೇಳ್ತಾರಂತೆ. ನಂಗೆ ಅಲ್ಲೆಲ್ಲಾ ಮಾತಾಡಕ್ ಬರಲ್ಲ. ನಿನ್ ಬಾಯಿ ಒಂದಿನ ಕೊಡವ್ವಾ."

ಕೊಟ್ಟೆ. ಅವರು ಇಸ್ತ್ರಿ ಅಂಗಿ ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂತಿದ್ದರು. ಚರ್ಚೆಯಲ್ಲಿ ಒಂದು ಪಟ್ಟು ಇದೆ: ಚಿಕ್ಕದನ್ನು ಎದುರಾಳಿಗೆ ಬಿಟ್ಟುಕೊಟ್ಟು ದೊಡ್ಡದನ್ನು ಕಿತ್ತುಕೊಳ್ಳುವುದು. "ಒಪ್ಪೋಣ ಸಾರ್, ಸಿಮೆಂಟು ತುಂಬಿದ ನಾಲ್ಕು ಮರ ಒಳಗೆ ಕೊಳೆತಿವೆ, ಅಪಾಯ. ಉಳಿದ ಹದಿನೈದಕ್ಕೆ ಏನು ಕಾರಣ ಕೊಡ್ತೀರಿ?" ಎಂದೆ. ಚಪ್ಪಾಳೆ ಬಿತ್ತು. ಇಂಜಿನಿಯರು ಪಕ್ಕದ ಗುಮಾಸ್ತನಿಗೆ ಹೇಳಿದ: "ನಾಲ್ಕಕ್ಕೆ ಸಾರ್ವಜನಿಕರೇ ಒಪ್ಪಿದಾರೆ. ಬರ್ಕೊಳ್ರಿ."

ಮೇಸ್ತ್ರಿ ತಾತ ತಿರುಗಿ ನನ್ನನ್ನು ನೋಡಿದರು. ಆ ನಾಲ್ಕು ಮರಗಳ ಒಳಗನ್ನು ಮುಟ್ಟಿ ನೋಡಿದ್ದವರು ಆ ಕೋಣೆಯಲ್ಲಿ ಅವರೊಬ್ಬರೇ. ಅವರನ್ನು ಒಂದು ಮಾತೂ ಕೇಳದೆ ಬಿಟ್ಟುಕೊಟ್ಟಿದ್ದೆ.

ಹದಿನೈದು ಉಳಿದವು. ಬೀದಿ ನನ್ನನ್ನು ಹೊಗಳಿತು. ಮರುವಾರ ಕಡಿಯುವವರು ಬಂದರು. ಮೊದಲ ಮರದಲ್ಲೇ ಗರಗಸ ಸಿಮೆಂಟಿಗೆ ತಾಗಿ ಹಲ್ಲು ಮುರಿಯಿತು. "ಯಾವನ್ರೀ ಇದನ್ನ ತುಂಬಿದ್ದು?" ಯಾರೋ ಎದುರು ಮನೆ ತೋರಿಸಿದರು. "ಬಾ ತಾತ. ನೀನ್ ತುಂಬಿದ್ದು ನೀನೇ ತೆಗಿ. ಇಲ್ಲಾಂದ್ರೆ ಸರ್ಕಾರಿ ಕೆಲಸಕ್ಕೆ ಅಡ್ಡಿ ಅಂತ ಕೇಸ್ ಹಾಕಿಸ್ತೀವಿ."

ಉಳಿ, ಸುತ್ತಿಗೆ ತಂದು ಕೂತರು. ಎರಡು ದಿನ. ಅಂಚು ಬಿಡಿಸಿ, ನಾಲ್ಕನ್ನೂ ಇಡಿಯಾಗಿ ಹೊರಗೆ ಉರುಳಿಸಿದರು. ಇನ್ನೊಂದು ಗಂಟೆಯಲ್ಲಿ ಬೀಳುವ ಮರದ ತೊಗಟೆಗೆ ಉಳಿ ತಾಗದಂತೆ ಕೆತ್ತುತ್ತಿದ್ದರು. ಒಂದು ಮರದ ಒಳಗು ಕೊಳೆತು ಪುಡಿಯಾಗಿತ್ತು. ನಾನು ಓದಿದ್ದು ಅಷ್ಟರ ಮಟ್ಟಿಗೆ ನಿಜ. ಉಳಿದ ಮೂರರಲ್ಲಿ ಸಿಮೆಂಟಿನ ಸುತ್ತ ಮರ ಕಲ್ಲಿನಂತಿತ್ತು. ಕಡಿಯುವವನು ಅದಕ್ಕೆ ಅಂಗೈ ಬಡಿದು ಕೂಗಿದ: "ಏನ್ ಗಟ್ಟಿ ಐತಪ್ಪಾ! ಕೊಳೆತೈತೆ ಅಂದ ಮುಟ್ಠಾಳ ಯಾರು?"

ನಾನು ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಮೇಸ್ತ್ರಿ ತಾತ ತಲೆ ಎತ್ತಲಿಲ್ಲ. "ಯಾರೋ ಓದಿರೋರು" ಎಂದರು.

ಸಂಜೆ ಅವರ ಮನೆಗೆ ಹೋದೆ. ಹದಿನೈದು ಉಳಿದದ್ದನ್ನು ಮೊದಲು ಹೇಳಿದೆ, ನನ್ನ ಉದ್ದೇಶವನ್ನು ಆಮೇಲೆ, ತಪ್ಪನ್ನು ಕೊನೆಗೆ. ಪೂರ್ತಿ ಕೇಳಿಸಿಕೊಂಡು, "ತಪ್ಪಾಯ್ತು ಅನ್ನಕ್ಕೂ ಮೂರು ಪಾಯಿಂಟಾ?" ಎಂದರು. ಏಳಲು ಹೊರಟೆ. "ಒಂದ್ ಮಾತು. ಅವತ್ತು ನಿನ್ ಮಾತಿಗೆ ಕ್ಯೂರಿಂಗ್ ಆಗಿಲ್ಲ ಅಂದಿದ್ನಲ್ಲ, ಈಗ ಆಯ್ತು ಬಿಡು. ಆಫೀಸಲ್ಲಿ ಬರ್ಕೊಂಡವ್ರೆ. ಇನ್ಮೇಲೆ ಯಾವ ಉಳಿಗೂ ಏಳಲ್ಲ."

ಆಮೇಲೆ ಅವರು ಉಳಿ ಮುಟ್ಟಲಿಲ್ಲ. ಉಳಿದ ಹದಿನೈದರಲ್ಲಿ ಆರು ಮರಗಳ ಕತ್ತಿನಲ್ಲಿ ಕಾಂಕ್ರೀಟು ಹಾಗೇ ಉಳಿಯಿತು. ನನ್ನೊಂದಿಗೆ ಮಾತು ಬಿಡಲಿಲ್ಲ. ಹಾಲು ಬಂತಾ, ನೀರು ಬಂತಾ ಎಂದು ಕೇಳುತ್ತಿದ್ದರು. ವಾದ ಮಾತ್ರ ಮಾಡಲಿಲ್ಲ. ಅದಕ್ಕಿಂತ ದೊಡ್ಡ ಶಿಕ್ಷೆ ನನಗೆ ಬೇರೆ ಇರಲಿಲ್ಲ, ಅದು ಅವರಿಗೂ ಗೊತ್ತಿತ್ತು.

ಹೋದ ಬೇಸಿಗೆಯಲ್ಲಿ ತೀರಿಕೊಂಡರು. ಅವರ ಮನೆ ಮುಂದೆ, ಕಡಿದ ಹುಣಸೆಯ ನೆರಳಿದ್ದ ಜಾಗದಲ್ಲಿ ಬಿಸಿಲು ಸುಡುತ್ತಿತ್ತು. ಹೆಣ ಇಡಲು ಶಾಮಿಯಾನ ತರಿಸಿದರು. ಹೊಸ ಕಾಂಕ್ರೀಟು ರಸ್ತೆಯಲ್ಲಿ ಗೂಟ ಇಳಿಯಲಿಲ್ಲ. ಶಾಮಿಯಾನದವನು ಸುತ್ತ ನೋಡಿ, ಅವರ ಗೋಡೆ ಪಕ್ಕ ಬಿದ್ದಿದ್ದ ನಾಲ್ಕು ಸಿಮೆಂಟು ಮುದ್ದೆಗಳನ್ನು ಉರುಳಿಸಿ ತಂದು ಹಗ್ಗ ಬಿಗಿದ. ಒದ್ದು ನೋಡಿ, "ಭಾರಿ ಗಟ್ಟಿ, ಅಲ್ಲಾಡಲ್ಲ" ಎಂದ.

ಒಂದರ ಪಕ್ಕ ಕೂತೆ. ಗರಗಸದ ಗಾಯದ ಪಕ್ಕದಲ್ಲಿ ಅವರ ಹೆಬ್ಬೆರಳಿನ ಆ ಗುಳಿ ಹಾಗೇ ಇತ್ತು. ನನ್ನ ಹೆಬ್ಬೆರಳಿಟ್ಟು ನೋಡಿದೆ, ತೆಗೆದು ನೋಡಿದೆ. ನನ್ನ ಗೆರೆಗಳೆಲ್ಲ ಹಾಗೇ ಇವೆ. ಯಾವ ಯಂತ್ರವಾದರೂ ನನ್ನನ್ನು ಗುರುತಿಸುತ್ತದೆ.