ಇಪ್ಪತ್ತೈದಲ್ಲ, ಏಳು

ಅಥಣಿಯ ಪಾಲಿಟೆಕ್ನಿಕ್ಕೊಂದರ ಪ್ರಯೋಗಾಲಯದ ಅಟೆಂಡರ್ ಕಾಂಚನ, 2014ರ ಡಿಸೆಂಬರ್ ಒಂಬತ್ತರ ಸಂಜೆ ತನ್ನೂರು ಸತ್ತಿಗೆ ಹೋಗುವ ಬಸ್ಸಿಗೆ ಕಾಯುತ್ತ ಕುಳಿತಲ್ಲೇ ತೀರಿಕೊಂಡಳು. ಹೃದಯ ನಿಂತಿತ್ತು. ವಯಸ್ಸು ನಲವತ್ತೊಂದು.

ಬರೀ ಕಸ ಹೊಡೆಯುವವಳು ಎಂದವರು ಇದನ್ನು ಓದಲಿ. ಹನ್ನೊಂದು ವರ್ಷ ಆಕೆ ಕಸವನ್ನೂ ಹೊಡೆದಳು, ಸರ್ಕಿಟ್ಟನ್ನೂ ಜೋಡಿಸಿಕೊಟ್ಟಳು. ಜೋಡಿಸುತ್ತಲೇ ಕಲಿತಳು. ಅನುರಣನದ ಪ್ರಯೋಗವೆಂದರೆ ಆಕೆಗೆ ಪ್ರಾಣ. ಕಾಯಿಲ್, ಕೆಪ್ಯಾಸಿಟರ್ ಸಾಲಾಗಿ ಜೋಡಿಸಿ ಆವರ್ತನದ ಗುಂಡಿ ತಿರುಗಿಸುತ್ತ ಹೋದರೆ ಒಂದೇ ಒಂದು ಕಡೆ ಕರೆಂಟು ಏರುತ್ತದೆ, ದಾಟಿದೊಡನೆ ಇಳಿಯುತ್ತದೆ. ಆ ಶಿಖರ ಎಷ್ಟು ಚೂಪೋ ಕ್ಯೂ ಎಂಬ ಅಂಕಿ ಅಷ್ಟು ದೊಡ್ಡದು.

ಹಳೆಯ ಕಾಯಿಲಿನ ಕ್ಯೂ ಇಪ್ಪತ್ತೈದು. ಅದು 2009ರಲ್ಲೇ ಸುಟ್ಟುಹೋಗಿತ್ತು. ಮೋಟಾರು ಸುತ್ತುವ ಧನಪಾಲ ಕೈಗೆ ಸಿಕ್ಕ ಸಣ್ಣ ತಂತಿಯಲ್ಲಿ ಬೇರೊಂದು ಸುತ್ತಿಕೊಟ್ಟಿದ್ದ. ಸಣ್ಣ ತಂತಿಗೆ ಪ್ರತಿರೋಧ ಹೆಚ್ಚು. ಶಿಖರ ದಿಬ್ಬವಾಯಿತು, ಕ್ಯೂ ಏಳಕ್ಕಿಳಿಯಿತು. ಹುಡುಗರು ಮಾತ್ರ ಹಿಂದಿನವರ ಜರ್ನಲ್ ನೋಡಿ ಇಪ್ಪತ್ತೈದೇ ಬರೆಯುತ್ತಿದ್ದರು. ಉಪನ್ಯಾಸಕ ರಾಜಾರಾಮ ನೋಡದೆ ಸಹಿ ಹಾಕುತ್ತಿದ್ದರು.

2014ರಲ್ಲಿ ಭಾಗ್ಯಾ ಎಂಬ ಹುಡುಗಿಯೊಬ್ಬಳೇ ಅಳೆದು ಏಳು ಬರೆದಳು. ಡಿಸೆಂಬರ್ ಒಂಬತ್ತರ ಮಂಗಳವಾರ ಪ್ರಾಯೋಗಿಕ ಪರೀಕ್ಷೆ. ನಿಪ್ಪಾಣಿಯಿಂದ ಬಂದ ಪರೀಕ್ಷಕರು ಅವಳ ಜರ್ನಲ್‌ಗೆ ಕೆಂಪು ಗೆರೆ ಎಳೆದರು. "ಎಲ್ಲಾರದೂ ಇಪ್ಪತ್ತೈದು, ನಿಂದಷ್ಟ ಏಳು. ಫೇಲ್ ಆಗ್ತಿ ನೋಡವಾ."

ಮೂಲೆಯಲ್ಲಿದ್ದ ಕಾಂಚನ ಮುಂದೆ ಬಂದಳು. "ಅಕೀದ ಖರೇ ಐತ್ರಿ ಸಾಹೇಬ್ರ. ಇಪ್ಪತ್ತೈದು ಬರಬೇಕಂದ್ರ ಸುಟ್ಟ ಕಾಯಿಲ್ ಮಸಣದಾಗಿಂದ ಎದ್ದು ಬರಬೇಕ್ರಿ."

ರಾಜಾರಾಮರ ಮುಖ ಕೆಂಪಾಯಿತು. "ಏ ಕಾಂಚನಾ, ನಿನ್ನ ಕಸಾ ಹೊಡಿಯಾಕ ತಗೊಂಡೀವಿ. ಹೆಚ್ಚಿಗಿ ಮಾತಾಡಿದ್ರ ನಾಳಿಂದ ಬರೂದು ಬ್ಯಾಡ."

"ಕಸಾನ ಹೊಡಿಯಾಕತ್ತೀನ್ರಿ ಸರ್," ಎಂದು ಆಕೆ ಉಳಿದ ಹತ್ತೊಂಬತ್ತು ಜರ್ನಲ್‌ಗಳ ಕಡೆ ಕೈ ಮಾಡಿದಳು. "ನಾಳಿದು ನಾಳಿಗಿ ನೋಡೂಣು."

ಸರ್ಕಿಟ್ಟನ್ನು ಪರೀಕ್ಷಕರ ಮುಂದಿಟ್ಟಳು. ಅವರೇ ಗುಂಡಿ ತಿರುಗಿಸಿದರು. ಮೀಟರಿನ ಮುಳ್ಳು ಸೋಮಾರಿಯಂತೆ ಏರಿ 4200 ಹರ್ಟ್ಸ್‌ನಲ್ಲಿ ತುದಿ ಮುಟ್ಟಿತು. ಎರಡೂ ಬದಿಗೆ ಕರೆಂಟು ತುದಿಯ ಶೇಕಡಾ ಎಪ್ಪತ್ತೊಂದಕ್ಕಿಳಿಯುವ ಜಾಗಗಳ ನಡುವಿನ ಅಂತರ ಆರುನೂರು ಹರ್ಟ್ಸ್. ಅದರಿಂದ 4200ನ್ನು ಭಾಗಿಸಿದರು. ಏಳು.

ಪರೀಕ್ಷಕರು ಕೆಂಪು ಗೆರೆಯ ಪಕ್ಕದಲ್ಲಿ ಸರಿ ಎಂದು ಬರೆದು ಸಹಿ ಮಾಡಿದರು. "ಉಳದವ್ರದು?" ಎಂದರು. ರಾಜಾರಾಮ ಕಿಟಕಿಯ ಕಡೆ ನೋಡಿದರು.

"ನಾ ಮಾಡಸ್ತೀನ್ರಿ," ಎಂದಳು ಕಾಂಚನ. ಹತ್ತೊಂಬತ್ತು ಮಂದಿಯನ್ನು ಸಾಲು ನಿಲ್ಲಿಸಿ, ಐದೂವರೆಯ ತನಕ ಒಬ್ಬೊಬ್ಬರಿಂದಲೂ ಅಳೆಸಿದಳು. ಕಡೆಯ ಹುಡುಗ ಪಕ್ಕದವನ ಹಾಳೆಯತ್ತ ಇಣುಕಿದಾಗ ಅದನ್ನು ಮಗುಚಿಟ್ಟು, ಅವನ ಕೈ ಹಿಡಿದು ಗುಂಡಿಯ ಮೇಲಿಟ್ಟಳು.