ಮರದ ಮುಖವಾಡದೊಳಗೆ ನಾನು

ರೀ, ಈಗ ತಾನೇ ಆಗಿದ್ದು ಹೇಳಿದ್ರೆ ನೀವು ನಂಬೋದೇ ಇಲ್ಲ! ನಮ್ಮಾಫೀಸಿನ ಮಾರ್ಟಿನ್ ದಕ್ಷಿಣ ಜರ್ಮನಿಯವನು. ಅವರೂರಲ್ಲಿ ಚಳಿಗಾಲ ಓಡಿಸೋಕೆ ಮರದ ಮುಖವಾಡ ಹಾಕಿ, ಮೈತುಂಬ ಗಂಟೆ ಕಟ್ಕೊಂಡು ಕುಣೀತಾರೆ. ಇವತ್ತು ಇಲ್ಲಿ ಪರದೇಶದಲ್ಲಿ ನಾವಿರೋ ಕೊಲಿಂಡೇಲ್ ಬಡಾವಣೇಲೂ ಅದೇ ಮೆರವಣಿಗೆ. ಕುಣಿಯೋನೊಬ್ಬನಿಗೆ ಜ್ವರ ಬಂತು ಅಂತ ನನಗೇ ವೇಷ ಹಾಕ್ಬಿಟ್ಟ.

"ಇದು ನಮ್ಮಜ್ಜಂದು. ಬೀದೀಲಿ ತೆಗೆಯೋ ಹಾಗಿಲ್ಲ, ಒಳಗೆ ಯಾರು ಅಂತ ಯಾವತ್ತೂ ಹೇಳೋ ಹಾಗೂ ಇಲ್ಲ" ಅಂದ. ಮಾತು ಕೊಟ್ಟೆ. ನಿಮಗೆ ಹೇಳಿದ್ದು ನಮ್ಮಲ್ಲೇ ಇರ್ಲಿ, ಆಯ್ತಾ!

ನೋಡಿದ್ರೆ ಗುಂಪಲ್ಲಿ ನಮ್ಮಕ್ಕ, ಜೊತೆಗೆ ಅವಳ ಐದು ವರ್ಷದ ಮಗಳು ಅನು! ನನ್ನ ಮುಖವಾಡದ ಕೋರೆಹಲ್ಲು ನೋಡಿ ಕಿಟಾರನೆ ಕಿರುಚಿದ್ಲು.

"ಯಾವನೋ ಇವನು, ಮಗೂನ ಹೆದರಿಸ್ತಾನೆ!" ಅಂತ ಅಕ್ಕ ಬೈದ್ಲು.

ನಾನು ಮಂಡಿಯೂರಿ ಚಾಕಲೇಟ್ ಚಾಚಿದೆ. ಅನು ನನ್ನ ಹಳದಿ ಷೂ ದಿಟ್ಟಿಸಿ, "ಮಾಮಾ, ಈಸ್ ದಟ್ ಯೂ?" ಅಂದ್ಲು.

ಅಲ್ಲ ಅಂತ ತಲೆ ಆಡಿಸಿದೆ.

"ಅಮ್ಮಾ! ಇಟ್ ಏಟ್ ಮಾಮಾ!"

ಮಾಮನ್ನ ನಾನೇ ನುಂಗ್ಬಿಟ್ಟಿದ್ದೀನಂತೆ!  ಆದ್ರೂ ತೆಗೀಲಿಲ್ಲ ರೀ, ಕೊನೇ ತನಕ ಕುಣಿದೆ. ಈಗ ಅಕ್ಕನ ಮನೇಲಿದ್ದೀನಿ. ಅನು ನನ್ನ ಮುಟ್ಟಿ ಮುಟ್ಟಿ ನೋಡ್ತಾ, ಆ ಭೂತದ ಹೊಟ್ಟೆಯಿಂದ ಹೇಗೆ ಹೊರಗೆ ಬಂದೆ ಅಂತ ಕೇಳ್ತಿದ್ದಾಳೆ. ನೀವಾಗಿದ್ರೆ ಏನ್ ಹೇಳ್ತಿದ್ರಿ?