ಹುಲ್ಲಿನಲ್ಲಿ ಸಾಲ್ಮನ್ ಹಿಡಿದ ಭಾವ

ನಮ್ಮ ಮೂರ್ತಿ ಭಾವ ಹುಲ್ಲಿನಲ್ಲಿ ಮೀನು ಹಿಡಿಯುತ್ತಿದ್ದರು. ಭಾನುವಾರ ಬೆಳಿಗ್ಗೆ ಅಟ್ಲಾಂಟಾದ ಹೊರವಲಯದ ಅವರ ಮನೆಯ ಮುಂದಿನ ಲಾನಿನಲ್ಲಿ, ಮೊಣಕಾಲಿಗೆ ಎತ್ತಿ ಕಟ್ಟಿದ ಮೇಲುಕೋಟೆ ಪಂಚೆ, ಮೇಲೊಂದು ಬನಿಯನ್ನು, ತಲೆಗೆ ಬಿಸಿಲಿನ ಹ್ಯಾಟು, ಕೈಯಲ್ಲಿ ಒಂಬತ್ತಡಿ ಉದ್ದದ ಗಾಳದ ಕೋಲು. ಕೋಲನ್ನು ಹಿಂದಕ್ಕೆ ಬೀಸಿ, ಒಂದು ಕ್ಷಣ ತಡೆದು, ಮುಂದಕ್ಕೆ ಎಸೆಯುವರು. ದಾರ ಗಾಳಿಯಲ್ಲಿ ಸುರುಳಿ ಬಿಚ್ಚಿಕೊಂಡು ಹೋಗಿ ಅಕ್ಕನ ಕರಿಬೇವಿನ ಕುಂಡಕ್ಕೆ ಸಿಕ್ಕಿಹಾಕಿಕೊಳ್ಳುವುದು. ಚರ್ಚಿಗೆ ಹೊರಟ ಕಾರುಗಳು ಆ ಮನೆಯ ಮುಂದೆ ನಿಧಾನವಾಗುತ್ತಿದ್ದವು. ಭಾವ ಎಲ್ಲರಿಗೂ ಕೈಬೀಸಿ ಗುಡ್ ಮಾರ್ನಿಂಗ್ ಹೇಳುತ್ತಿದ್ದರು. ನಾನು ಒಳಗೆ ಕಿಟಕಿಯ ಪರದೆ ಎಳೆದುಬಿಡುತ್ತಿದ್ದೆ.

ಆಗ ನನಗೆ ಇಪ್ಪತ್ಮೂರು. ಮೈಕ್ರೋಬಯಾಲಜಿ ಓದಲು ಬಂದು ಅಕ್ಕನ ಮನೆಯಲ್ಲಿದ್ದೆ. ಅಕ್ಕನ ಗಂಡ ಎಂದರೆ ನಮ್ಮ ಕಡೆ ನಾದಿನಿಯ ನಾಲಿಗೆಗೆ ಒಪ್ಪಿಸಿಟ್ಟ ಪ್ರಾಣಿ. ನಾನು ಆ ಅಧಿಕಾರವನ್ನು ಧಾರಾಳವಾಗಿಯೇ ಚಲಾಯಿಸಿದೆ. ಭಾವನೂ ಬೇಕಾದಷ್ಟು ಅವಕಾಶ ಮಾಡಿಕೊಡುತ್ತಿದ್ದರು. ಆಸ್ಪತ್ರೆಯೊಂದರಲ್ಲಿ ಪೆಥಾಲಜಿಸ್ಟ್, ಬೆಳಗಿನಿಂದ ಸಂಜೆಯವರೆಗೆ ಮೈಕ್ರೋಸ್ಕೋಪಿನ ಮುಂದೆ ಕೂತು, ಯಾರದೋ ದೇಹದ ಚೂರು ನೋಡಿ, ಯಾರ ಹತ್ತಿರವೂ ಮಾತಾಡದೆ ಮನೆಗೆ ಬರುವ ಕೆಲಸ. ಮೊಟ್ಟೆ ಹಾಕಿದ ಕೇಕನ್ನು ಕೂಡ ಮುಟ್ಟುವವರಲ್ಲ. ಇಂಥವರಿಗೆ ಮೀನಿನ ಹುಚ್ಚು ಹಿಡಿಯಲು ಕಾರಣ ಅವರ ಚೀಫ್.

ಚೀಫ್ ಎಂದರೆ ಆ ವಿಭಾಗದ ಮುಖ್ಯಸ್ಥ, ಆರಡಿ ಮೀರಿದ ದೊಡ್ಡ ಡಾಕ್ಟರ್. ಪ್ರತಿ ಜೂನ್‌ನಲ್ಲಿ ಸ್ನೇಹಿತರ ಜೊತೆ ಕೆನಡಾಕ್ಕೆ ಹೋಗಿ ಅಲ್ಲಿನ ನದಿಯಲ್ಲಿ ಸಾಲ್ಮನ್ ಎಂಬ ಮೀನು ಹಿಡಿಯುತ್ತಿದ್ದ. ಅವನ ಮನೆಯ ಕ್ರಿಸ್‌ಮಸ್ ಪಾರ್ಟಿಯಲ್ಲಿ ಭಾವ ಆರೆಂಜ್ ಜ್ಯೂಸ್ ಹಿಡಿದುಕೊಂಡು, ಮಾತಾಡಲು ಏನೂ ತೋಚದೆ, ಗೋಡೆಯ ಮೇಲೆ ಮೊಳೆ ಹೊಡೆದಿದ್ದ ಒಣ ಮೀನನ್ನು ನೋಡಿ ಇದು ಎಷ್ಟು ಭಾರವಿತ್ತು ಸರ್ ಎಂದು ಕೇಳಿದರಂತೆ. ಚೀಫ್ ಕಾಲು ಗಂಟೆ ಮೀನಿನ ಕಥೆ ಹೇಳಿ, ಕೊನೆಗೆ ಬೆನ್ನು ತಟ್ಟಿ, ಯಾವುದಾದರೂ ಒಂದು ಸಮ್ಮರ್ ನೀನೂ ನಮ್ಮ ಜೊತೆ ಬರಬೇಕು ಡಾಕ್ಟರ್ ಎಂದನಂತೆ. ಅಷ್ಟೇ. ಭಾವ ಮನೆಗೆ ಬಂದವರು ಬೂಟು ಬಿಚ್ಚದೆ ಅಕ್ಕನಿಗೆ ಹೇಳಿದ್ದು, "ಚೀಫ್ ನನ್ನ ಇನ್ವೈಟ್ ಮಾಡಿದಾರೆ ಕಣೇ."

ಹೇಳಿ ಕೇಳಿ ಮೈಸೂರಿನವರು. ಹೊಸಿಲಲ್ಲಿ ನಿಂತು "ಊಟಕ್ಕೆ ಏಳಿ" ಅನ್ನುವ ಊರು ಅದು. "ಈಗ ತಾನೆ ಆಯ್ತು" ಎಂದು ಚಪ್ಪಲಿ ಮೆಟ್ಟಿಕೊಳ್ಳುವುದು ಅಲ್ಲಿ ಹಸುಳೆಗೂ ಗೊತ್ತು. ಆ ಊರಲ್ಲಿ ಇಪ್ಪತ್ತಾರು ವರ್ಷ ಕಳೆದ ಮನುಷ್ಯ ಒಬ್ಬ ಅಮೆರಿಕನ್ನನ ಬಾಯುಪಚಾರವನ್ನು ಲಗ್ನಪತ್ರಿಕೆಯೆಂದು ತಿಳಿದುಬಿಟ್ಟರು. ನಾನು ಹೇಳಿದೆ. ಒಂದಲ್ಲ, ನೂರು ಸಲ ಹೇಳಿದೆ. "ನಿಂಗೇನ್ ಗೊತ್ತಾಗತ್ತೆ," ಅನ್ನುತ್ತಿದ್ದರು. "ಈ ಜನ ನಮ್ಮ ಥರ ಅಲ್ಲ. ಮೀನ್ ಮಾಡದೆ ಏನೂ ಹೇಳಲ್ಲ." ನಾನು ಮೀನ್ ಎಂಬ ಮಾತು ಹಿಡಿದುಕೊಂಡು ಒಂದು ವಾರ ಆಡಿಕೊಂಡೆ.

ಅಲ್ಲಿಂದ ಅಭ್ಯಾಸ ಶುರುವಾಯಿತು. ಲೈಬ್ರರಿಯಿಂದ ಸ್ಕಾಟ್‌ಲೆಂಡಿನ ಯಾರೋ ಬರೆದ ಸಾಲ್ಮನ್ ಪುಸ್ತಕ ತಂದರು. ಮತ್ತೆ ಮತ್ತೆ ರಿನ್ಯೂ ಮಾಡಿಸಿ ಎರಡು ವರ್ಷ ಇಟ್ಟುಕೊಂಡರು. ಈ ಮೀನಿಗೆ ಎರೆಹುಳ ಹಾಕುವುದಿಲ್ಲ. ಗರಿ, ದಾರ ಸುತ್ತಿ ಹುಳದಂತೆ ಮಾಡಿದ ನೊಣವನ್ನು ಕೊಕ್ಕೆಗೆ ಕಟ್ಟುತ್ತಾರೆ. ಕೆಲಸವಿಲ್ಲದವರು ಕೂತು ನೊಣ ಹೊಡೆಯುವುದನ್ನು ನಾನು ಊರಲ್ಲಿ ಕಂಡಿದ್ದೆ. ಕೆಲಸವಿದ್ದೂ ನೊಣ ಕಟ್ಟುವವರನ್ನು ಕಂಡದ್ದು ಇಲ್ಲಿಗೆ ಬಂದ ಮೇಲೆ. ಆಸ್ಪತ್ರೆಯ ಚಿಮಟ, ಹೊಲಿಗೆ ಹಾಕುವ ರೇಷ್ಮೆ ದಾರ, ದೇವರ ಮನೆಯ ನವಿಲುಗರಿ, ಎಲ್ಲವೂ ಊಟದ ಮೇಜಿಗೆ ಬಂದವು. ಹುಳಿಯಲ್ಲಿ ಒಮ್ಮೆ ಗರಿಯ ಎಳೆ ಸಿಕ್ಕಿತು. ಕೋಲು ಬೀಸುವುದನ್ನು ನನಗೂ ಕಲಿಸಲು ನೋಡಿದರು. "ಹತ್ತು ಗಂಟೆಗೆ ನಿಲ್ಸು, ಎರಡು ಗಂಟೆಗೆ ನಿಲ್ಸು, ಗಡಿಯಾರದ ಮುಳ್ಳಿನ ಥರ. ಮಣಿಕಟ್ಟು ಮುರೀಬಾರ್ದು." ಅವರ ಮಣಿಕಟ್ಟು ಮಾತ್ರ ಪ್ರತಿ ಸಲವೂ ಮುರಿಯುತ್ತಿತ್ತು.

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಊರಲ್ಲಿ ನಮ್ಮ ಅಣ್ಣನ ಮದುವೆ ಜೂನ್‌ನಲ್ಲಿ ನಿಶ್ಚಯವಾಯಿತು. ಭಾವ ರಜ ಹಾಕಲು ಒಪ್ಪಲಿಲ್ಲ. ಚೀಫ್ ಕರೆದರೆ ಏನು ಮಾಡುವುದು, ರಜ ಮುಗಿದುಹೋಗಿದ್ದರೆ ಎಂಬುದು ಅವರ ವಾದ. ನನಗೆ ಲ್ಯಾಬ್ ಬಿಟ್ಟು ಹೋಗುವಂತಿರಲಿಲ್ಲ, ಅಕ್ಕ ಒಬ್ಬಳೇ ಹೋಗಿ ಬಂದಳು. ಮದುವೆಮನೆಯಲ್ಲಿ ಯಜಮಾನರೆಲ್ಲಿ ಎಂದು ಕೇಳಿದವರಿಗೆಲ್ಲ ಆಪರೇಷನ್ ಎಂದು ಸುಳ್ಳು ಹೇಳಬೇಕಾಯಿತಂತೆ. ಪೆಥಾಲಜಿಸ್ಟ್ ಆಪರೇಷನ್ ಮಾಡುವುದಿಲ್ಲವೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಜೂನ್‌ನಲ್ಲಿ ಚೀಫ್ ಕೆನಡಾಕ್ಕೆ ಹೋಗಿ ಬಂದ. ಭಾವ ಹುಲ್ಲಿನಲ್ಲಿ ಹಿಡಿದರು.

ಅದೇ ತಿಂಗಳು ನಾನು ಕೋಪದಲ್ಲಿ ಅವರನ್ನು ನೇರವಾಗಿ ಕೇಳಿದೆ, ಆ ಮನುಷ್ಯ ಕರೆಯದಿದ್ದರೆ ಏನು ಮುಳುಗಿಹೋಗುತ್ತದೆ ಎಂದು. ಅವರು ನೊಣಕ್ಕೆ ದಾರ ಸುತ್ತುತ್ತಲೇ ಹೇಳಿದರು. "ಆರು ವರ್ಷ ಆಯ್ತು ಇಲ್ಲಿ. ಕ್ರಿಸ್‌ಮಸ್ ಪಾರ್ಟಿಗೆ ಎಲ್ಲಾರ್ನೂ ಕರೀತಾರೆ, ಅದು ಬೇರೆ. ನನ್ನೊಬ್ಬನ್ನೇ ಯಾರೂ ಎಲ್ಲಿಗೂ ಕರ್ದಿಲ್ಲ ಕಣೇ." ಅದಕ್ಕೆ ನನ್ನ ಹತ್ತಿರ ಕುಹಕವಿರಲಿಲ್ಲ. ಮಾರನೆಯ ದಿನಕ್ಕೆ ಸಿಕ್ಕಿತು.

ಹುಲ್ಲು ಸಾಕೆನಿಸಿದಾಗ ನದಿಗೆ ಹೊರಟರು. ಭಾವನಿಗೆ ಈಜು ಬಾರದು. ಕಾವಲಿಗೆ ಅಕ್ಕ ನನ್ನನ್ನು ಕಳಿಸಿದಳು. ಕಮ್ಮಿಂಗ್ ಎಂಬ ಊರಿನ ಕಡೆ, ಅಣೆಕಟ್ಟಿನ ಕೆಳಗೆ, ಚಾಟಹೂಚಿ ನದಿಯ ನೀರು ಬೇಸಿಗೆಯಲ್ಲೂ ಐಸಿನಂತೆ ತಣ್ಣಗಿರುತ್ತದೆ. ಆಗ ಆ ದಾರಿಯುದ್ದಕ್ಕೂ ಕೋಳಿಫಾರಂಗಳ ವಾಸನೆ, ಮೂಗು ಹಿಡಿದುಕೊಂಡೇ ಡ್ರೈವ್ ಮಾಡಬೇಕು. ಭಾವ ಎದೆಯವರೆಗೆ ಬರುವ ರಬ್ಬರ್ ಪ್ಯಾಂಟು ಹಾಕಿಕೊಂಡು ನೀರಿಗಿಳಿದರು. ದಡದಲ್ಲಿ ಒಬ್ಬ ಮುದುಕ ಡಬ್ಬಿಯ ಮೆಕ್ಕೆಜೋಳದ ಕಾಳನ್ನು ಗಾಳಕ್ಕೆ ಚುಚ್ಚಿ ಒಂದಾದ ಮೇಲೊಂದು ಟ್ರೌಟ್ ಮೀನು ಎಳೆದು ಹಾಕುತ್ತಿದ್ದ. ಏನು ಹಿಡಿಯುತ್ತಿದ್ದೀರಿ ಎಂದು ಕೇಳಿದ. ಭಾವ ಅಲ್ಲಿಯವರು ನುಂಗಿಬಿಡುವ ಎಲ್ ಅಕ್ಷರವನ್ನು ಬಿಡದೆ ಒತ್ತಿ "ಸಾಲ್ಮನ್" ಎಂದರು. ಈ ನದಿಗೆ ಸಾಲ್ಮನ್ ಎಂದೂ ಬಂದದ್ದಿಲ್ಲ, ಬೇಕಿದ್ದರೆ ಅಂಗಡಿಯಲ್ಲಿ ಡಬ್ಬಿಯೊಳಗೆ ಸಿಗುತ್ತದೆ ಎಂದ ಮುದುಕ. ಗೊತ್ತು, ನಾನು ಪ್ರಾಕ್ಟೀಸ್ ಮಾಡುತ್ತಿದ್ದೇನೆ ಎಂದು ಭಾವ ಬೀಗಿ ಹೇಳಿದರು. ನಾನು ಕಾರಿನೊಳಗೆ ಹೋಗಿ ಕೂತೆ.

ಸ್ವಲ್ಪ ಹೊತ್ತಿಗೆ ಅಣೆಕಟ್ಟಿನ ಸೈರನ್ ಕೂಗಿತು. ನೀರು ಬಿಡುತ್ತಾರೆ, ಮೇಲೆ ಬನ್ನಿ ಎಂದು ಅರ್ಥ. ಭಾವ "ಒಂದೇ ಒಂದು ಕಾಸ್ಟು, ಇನ್ನೊಂದ್ಸಲ ಬೀಸಿಬಿಡ್ತೀನಿ" ಎನ್ನುತ್ತಾ ನಿಂತೇ ಇದ್ದರು. ನೀರು ಮೊಣಕಾಲಿನಿಂದ ಸೊಂಟಕ್ಕೆ ಬಂತು. ಕೊನೆಗೆ ಮುದುಕನೇ ಇಳಿದು ಅವರ ರಬ್ಬರ್ ಪ್ಯಾಂಟಿನ ಪಟ್ಟಿ ಹಿಡಿದು ದಡಕ್ಕೆ ದರದರ ಎಳೆದು ತಂದ. ನಾನು ಕಾರಿನಿಂದ ಓಡಿ ಬಂದು ಕೋಲಿನ ದಾರ ಸುತ್ತಿಡಲು ಹೋದೆ. ಕೊಕ್ಕೆಯನ್ನು ಹುಷಾರಾಗಿ ಹಿಡಿದರೆ, ಅದಕ್ಕೆ ಮೊನೆಯೇ ಇರಲಿಲ್ಲ. ನೊಣಗಳ ಡಬ್ಬಿ ತೆಗೆದು ನೋಡಿದೆ. ಯಾವುದಕ್ಕೂ ಇರಲಿಲ್ಲ. ಪ್ರತಿಯೊಂದನ್ನೂ ಇಕ್ಕಳದಿಂದ ಮುರಿದಿಟ್ಟಿದ್ದರು.

"ಅಮ್ಮನಿಗೆ ಮಾತು ಕೊಟ್ಟು ಬಂದಿದೀನಿ," ಎಂದರು ಬಟ್ಟೆ ಹಿಂಡುತ್ತಾ. "ತಿನ್ನೋದಿಲ್ಲ, ಕೊಲ್ಲೋದೂ ಇಲ್ಲ ಅಂತ. ಪಾಪ, ಮೀನಿಗ್ಯಾಕೆ ನೋವು."

ಹಾಗಾದರೆ ಕೆನಡಾದಲ್ಲಿ ಏನು ಮಾಡುತ್ತೀರಿ ಎಂದೆ.

"ಮೊದ್ಲು ಕರೀಲಿ."

ಮನೆ ಸೇರುವವರೆಗೂ ಬೈದೆ. ಸಾಲ್ಮನ್ ಇಲ್ಲದ ನದಿಯಲ್ಲಿ, ಮೊನೆಯಿಲ್ಲದ ಗಾಳ ಹಾಕಿ, ಕರೆಯದವನಿಗಾಗಿ ಪ್ರಾಣ ಬಿಡಲು ಹೊರಟವರನ್ನು ಇನ್ನೇನು ಮಾಡಬೇಕು?

ಮುಂದಿನ ಜೂನ್ ಕೂಡ ಹಾಗೆಯೇ ಕಳೆಯಿತು. ಆ ಚಳಿಗಾಲ ಚೀಫ್ ರಿಟೈರ್ ಆಗುವ ಸುದ್ದಿ ಬಂತು. ಬೀಳ್ಕೊಡುಗೆಗೆ ಭಾವ ಒಂದು ನೊಣ ಕಟ್ಟಲು ಕೂತರು. ಪುಸ್ತಕದಲ್ಲಿದ್ದ ಅತಿ ಕಷ್ಟದ ನಮೂನೆ. ಅದರ ಮೈಗೆ ಚಿನ್ನದ ಎಳೆ ಸುತ್ತಬೇಕು. ಒಂದು ವಾರದ ಮೇಲೆ ಅಕ್ಕ ಪೂಜೆಗೆಂದು ಧಾರೆ ಸೀರೆ ತೆಗೆದರೆ ಸೆರಗಿನ ತುದಿಯಲ್ಲಿ ಗೇಣುದ್ದ ಜರಿ ಇರಲಿಲ್ಲ. ಅಕ್ಕ ಕೂಗಾಡಲಿಲ್ಲ. ಮೂರು ದಿನ ಬರೀ ತಿಳಿಸಾರು ಮಾಡಿದಳು, ಗಂಡನಿಗೆ ಹೇಳಬೇಕಾದ್ದನ್ನೆಲ್ಲ ನನಗೆ ಹೇಳಿದಳು. ಭಾವ ಸಾರು ಕಲಸಿಕೊಂಡು ತಲೆ ತಗ್ಗಿಸಿ ಉಂಡರು. ನೊಣ ಮಾತ್ರ ಚೆನ್ನಾಗಿತ್ತು. ನವಿಲಿನ ಹಸಿರು, ಮೈತುಂಬ ಜರಿ. ಅದನ್ನು ಸ್ಲೈಡ್ ಇಡುವ ಪುಟ್ಟ ಡಬ್ಬಿಯಲ್ಲಿ ಹತ್ತಿಯ ಮೇಲೆ ಮಲಗಿಸಿ, ಕೋಟಿನ ಜೇಬಿಗೆ ಹಾಕಿಕೊಂಡು ಪಾರ್ಟಿಗೆ ಹೊರಟರು. ಅಕ್ಕನೂ ನಾನೂ ಜೊತೆಗಿದ್ದೆವು.

ಚೀಫ್ ಸುತ್ತ ನಿಂತವರಿಗೆ ಇನ್ನು ಮೇಲೆ ಬೇಸಿಗೆ ಪೂರ್ತಿ ಸಾಲ್ಮನ್ ನದಿಯಲ್ಲೇ ಎಂದು ಹೇಳುತ್ತಿದ್ದ. ಭಾವ ಸಂದಿ ಮಾಡಿಕೊಂಡು ಮುಂದೆ ಹೋದರು. ಕೈ ಆಗಲೇ ಜೇಬಿನಲ್ಲಿತ್ತು. ಅವರು ಸಾಲ್ಮನ್ ವಿಷಯ ಏನೋ ಶುರುಮಾಡುವಷ್ಟರಲ್ಲಿ ಚೀಫ್ ಸಂತೋಷದಿಂದ ಹುಬ್ಬೇರಿಸಿ, "ಡು ಯು ಫಿಶ್, ಡಾಕ್ಟರ್?" ಎಂದ.

ಅವನ ಮುಖದಲ್ಲಿ ಕಪಟವೇನೂ ಇರಲಿಲ್ಲ. ನಿಜವಾಗಿಯೂ ನೆನಪಿರಲಿಲ್ಲ. ಭಾವ ಜೇಬಿನಿಂದ ಬರೀ ಕೈ ತೆಗೆದರು.

"ನೋ ಸರ್," ಎಂದರು. "ವಿ ಆರ್ ವೆಜಿಟೇರಿಯನ್ಸ್."

ಎಲ್ಲರೂ ನಕ್ಕರು. ಭಾವನೂ ನಕ್ಕರು. ಎರಡು ವರ್ಷದಿಂದ ನಾನು ಹೇಳುತ್ತಾ ಬಂದದ್ದೇ ನಿಜವಾಗಿತ್ತು, ಆದರೆ ನನಗೆ ಅಳು ಬಂತು. ಆ ದೊಡ್ಡ ಮನುಷ್ಯನ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಕಿಟಕಿಯ ಪರದೆ ಎಳೆದ ನನ್ನ ಮೇಲೆ.

ಹಿಂತಿರುಗುವಾಗ ಕಾರಿನಲ್ಲಿ ಭಾವ ಸ್ಟಿಯರಿಂಗ್ ಹಿಡಿದುಕೊಂಡೇ ಹೇಳಿದರು. "ನಮ್ಮಪ್ಪ ದಿನಾ ಬೀದೀಲಿ ಹತ್ತು ಜನಕ್ಕೆ ಊಟಕ್ಕೆ ಬನ್ನಿ ಅಂತಿದ್ರು. ಒಬ್ಬ ಬಂದಿದ್ರೂ ನಮ್ಮಮ್ಮ ಏನ್ ಬಡಿಸ್ತಿದ್ಲು? ನಂಗೆ ಗೊತ್ತಾಗ್ಬೇಕಿತ್ತು." ಅಕ್ಕ ಅವರ ಕೋಟಿನ ತೋಳನ್ನು ಹಿಡಿದುಕೊಂಡಳು. ಮಾರನೆಯ ದಿನ ಹುಳಿ, ಪಲ್ಯ ಎಲ್ಲ ಮಾಡಿದಳು.

ಆಮೇಲೆ ಅವರು ಕೆಲಸ ಬದಲಾಯಿಸಿ ಷಾರ್ಲಟ್ ಕಡೆಗೆ ಹೋದರು. ಅಲ್ಲೂ ಭಾನುವಾರಗಳಲ್ಲಿ ಲಾನಿನ ಮೇಲೆ ಕೋಲು ಬೀಸುತ್ತಿದ್ದರೆಂದು ಅಕ್ಕ ಫೋನಿನಲ್ಲಿ ಹೇಳುತ್ತಿದ್ದಳು. ಯಾರ ಕರೆಗೂ ಅಲ್ಲ, ಸುಮ್ಮನೆ. ಕಡೆಯ ಸಲ ನಾನು ಹೋಗಿದ್ದಾಗ ಅವರ ಮಣಿಕಟ್ಟು ಮುರಿಯಲಿಲ್ಲ, ದಾರ ನೆಟ್ಟಗೆ ಹೋಗಿ ಹುಲ್ಲಿನ ಮೇಲೆ ಮಲಗಿತು. ನೋಡಿದ್ಯಾ ಎಂಬಂತೆ ನನ್ನ ಕಡೆ ತಿರುಗಿದರು. ಚೆನ್ನಾಗಿದೆ ಎನ್ನಬಹುದಿತ್ತು, ಅಂತೂ ಹುಲ್ಲು ಸಿಕ್ಕಿತಲ್ಲ ಎಂದೆ. ಅದಾಗಿ ಮೂರು ತಿಂಗಳಿಗೆ ಒಂದು ಬೆಳಿಗ್ಗೆ ಮೈಕ್ರೋಸ್ಕೋಪಿನ ಮುಂದೆಯೇ ಎದೆ ನಿಂತು ತೀರಿಕೊಂಡರು.

ಹದಿಮೂರು ದಿನಗಳ ಕರ್ಮವೆಲ್ಲ ಮುಗಿದ ಮೇಲೆ ಅಕ್ಕ ಆ ಸ್ಲೈಡ್ ಡಬ್ಬಿಯನ್ನು ನನ್ನ ಕೈಗಿಟ್ಟಳು. ಬೈದುಕೊಳ್ಳೋಕೆ ಏನಾದರೂ ಬೇಕಲ್ಲ ನಿನಗೆ ಎಂದಳು. ಒಳಗೆ ಹತ್ತಿಯ ಮೇಲೆ ಆ ಜರಿಯ ನೊಣ ಹಾಗೆಯೇ ಇತ್ತು, ಹೊಳಪು ಕೂಡ ಕಂದಿರಲಿಲ್ಲ. ಅವರ ಯಾವ ಕೊಕ್ಕೆಗೂ ಮೊನೆ ಇರುವುದಿಲ್ಲವೆಂದು ನನಗೆ ಗೊತ್ತಿತ್ತಲ್ಲ, ಯೋಚಿಸದೆ ಎರಡು ಬೆರಳಲ್ಲಿ ಎತ್ತಿಕೊಂಡೆ. ಚುಚ್ಚಿತು. ರಕ್ತ ಬಂತು. ಇದೊಂದರ ಮೊನೆ ಮಾತ್ರ ಅವರು ಮುರಿದಿರಲಿಲ್ಲ; ಚೀಫ್‌ಗೆ ಕೊಡುವುದು, ಅವನಿಗೆ ನಿಜವಾದ ನದಿಯಲ್ಲಿ ಉಪಯೋಗಕ್ಕೆ ಬರಬೇಕಲ್ಲ.

ಬೆರಳನ್ನು ಬಾಯಲ್ಲಿಟ್ಟುಕೊಂಡೇ ಬೈದೆ. ಮೀನಿಗೆ ನೋವಾಗಬಾರದು, ನಾದಿನಿಗಾದರೆ ಪರವಾಗಿಲ್ಲ ಅಲ್ವಾ ಭಾವ.